ಫೋಟೋದ ಬಣ್ಣಕ್ಕೆ ಮುಖ

ವೃಂದಾಳದು ಎಣ್ಣೆಗಪ್ಪು ಬಣ್ಣ. ಲಕ್ಷಣವಾದ ಹುಡುಗಿ, ವೆಸ್ಟ್ ಮಾಂಬಲಂನ ಆ ಗಲ್ಲಿಯ ಅರ್ಧ ಮಕ್ಕಳು ಲೆಕ್ಕ ಕಲಿತದ್ದು ಅವಳ ಹತ್ತಿರವೇ. ಇಪ್ಪತ್ತೈದು ತುಂಬಿದ ವರ್ಷ, ಎರಡು ಸಾವಿರದ ಒಂದರಲ್ಲಿ, ತಾಯಿ ಜಯಲಕ್ಷ್ಮೀ ಅವಳನ್ನು ಸ್ಟುಡಿಯೋಗೆ ಕರೆದೊಯ್ದಳು. ಸ್ಟುಡಿಯೋದ ಬಾಬು ಯಾರೂ ಕೇಳದೆಯೇ ಕಂಪ್ಯೂಟರಿನಲ್ಲಿ ಮುಖ ಬೆಳ್ಳಗೆ ಮಾಡಿಕೊಟ್ಟ. "ಕಲ್ಯಾಣ ಫೋಟೋ ಮಾಮಿ, ಎಲ್ಲಾರುಕ್ಕುಂ ಇಪ್ಪಡಿದಾನ್" ಎಂದ ತಮಿಳಿನಲ್ಲಿ, ಮದುವೆ ಫೋಟೋ ಎಂದರೆ ಎಲ್ಲರದೂ ಹೀಗೇ ಎನ್ನುವ ಹಾಗೆ. ಜಯಲಕ್ಷ್ಮೀಗೂ ಬೇಡವೆನ್ನಲು ಮನಸ್ಸಾಗಲಿಲ್ಲ.

ಜಾತಕದ ಜೊತೆ ಹದಿನೈದು ಪ್ರತಿ ಮಠದಲ್ಲಿ ಸಂಬಂಧ ಕುದುರಿಸುವ ಹನುಮಂತಯ್ಯನವರ ಕೈಚೀಲ ಸೇರಿ ಮನೆಮನೆಗೆ ಹೋದವು. ನೋಡಲು ಬಂದ ಮೊದಲನೆಯವರೇ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಕೇಳಿದರು, "ಫೋಟೋದಾಕೆ ದೊಡ್ಡ ಮಗಳೇನ್ರೀ? ಎಲ್ಲಿ ಆಕೆ?"

ಬೇರೆ ಫೋಟೋ ಕೊಡೋಣವೆಂದರೆ ಹನುಮಂತಯ್ಯ ಒಪ್ಪಲಿಲ್ಲ. "ಕೊಟ್ಟ ಫೋಟೋ ವಾಪಸ್ ಕೇಳಿದ್ರೆ ಹುಡುಗೀಲೇ ಏನೋ ಐಬು ಅಂತಾರಮ್ಮ. ಆಮೇಲೆ ಜಾತಕ ಯಾರೂ ಮುಟ್ಟಲ್ಲ." ಫೋಟೋ ಬದಲಾಗದು ಎಂದ ಮೇಲೆ ಮುಖವೇ ಬದಲಾಗಬೇಕಾಯಿತು.

ಔಷಧಿ ಅಂಗಡಿಯವನು ಒಂದು ಮುಲಾಮಿನ ಟ್ಯೂಬು ಕೊಟ್ಟ. ಹದಿನೈದೇ ದಿನಕ್ಕೆ ಬಣ್ಣ ತಿಳಿಯಾಯಿತು. ಎದುರು ಮನೆಯ ಭೀಮಾಬಾಯಿ, "ಏನೇ, ಹಾಲು ಕುಡಿದು ಹಾಲೇ ಆಗ್ತಿದ್ದೀಯಲ್ಲ!" ಎಂದು ಗಲ್ಲ ಹಿಂಡಿದರು. ಹಿಂಡಿದ ಜಾಗ ಸಂಜೆಯವರೆಗೂ ಕೆಂಪಗೇ ಇತ್ತು.

ಎರಡನೇ ವರ್ಷಕ್ಕೆ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಯಿತು. ಒಲೆಯ ಮುಂದೆ ನಿಂತರೆ ಉರಿ, ಬಿಸಿಲಿಗೆ ಹೋದರೆ ಉರಿ. ಹಚ್ಚುವುದನ್ನು ಬಿಟ್ಟ ನಾಲ್ಕೇ ದಿನಕ್ಕೆ ಮುಖ ಊದಿ ಗುಳ್ಳೆಗಳೆದ್ದವು. ಇದು ಮುಖಕ್ಕೆ ಹಚ್ಚುವ ಮದ್ದೇ ಅಲ್ಲ, ಬಿಟ್ಟು ಒಂದು ವರ್ಷ ಸಹಿಸಿಕೋ ಎಂದು ಚರ್ಮದ ಡಾಕ್ಟರು ಬೈದರು.

"ವರ್ಷಾನಾ ಡಾಕ್ಟರ್? ಭಾನುವಾರ ಬರ್ತಿದ್ದಾರೆ" ಎಂದಳು ವೃಂದಾ.

ಮತ್ತೆ ಹಚ್ಚಿದಳು. ಭಾನುವಾರದ ಹೊತ್ತಿಗೆ ಊತ ಇಳಿಯಿತು. ಮಾಧವರಂನಿಂದ ಬಂದಿದ್ದ ಹುಡುಗನ ತಾಯಿ ಅವಳ ಮುಖ ನೋಡಿ ಒಪ್ಪಿದಂತೆ ತಲೆದೂಗಿದರು. ಜಯಲಕ್ಷ್ಮೀಯ ಎದೆ ಹಗುರಾಯಿತು. ವೃಂದಾ ಬಗ್ಗಿ ಕಾಫಿ ಕೊಟ್ಟಳು. ಹುಡುಗನ ತಾಯಿ ಲೋಟ ತೆಗೆದುಕೊಳ್ಳದೆ, ಅವಳ ಮಣಿಕಟ್ಟು ಹಿಡಿದು ಅತ್ತಿತ್ತ ತಿರುಗಿಸಿದರು.

"ಮುಖ ನಿಂದೇ, ಸರಿ. ಈ ಕೈ ಯಾರದಮ್ಮ?"

ಹುಡುಗ ಕಿಸಕ್ಕನೆ ನಕ್ಕ.

ಅವರು ಹೋದ ಮೇಲೆ ವೃಂದಾ ಅಳಲಿಲ್ಲ. ಟ್ಯೂಬು ತಂದು ಕೂತು ಎಡಗೈಗೆ ಹಚ್ಚತೊಡಗಿದಳು. ಡಾಕ್ಟರ ಮಾತನ್ನು ತಾನೂ ಕಿವಿಯಾರೆ ಕೇಳಿದ್ದ ಜಯಲಕ್ಷ್ಮೀ ಬೇಡವೆನ್ನಲಿಲ್ಲ. ಪಕ್ಕದಲ್ಲಿ ಕೂತು, ಮಗಳ ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡು, ಮೊಣಕೈವರೆಗೂ ತಾನೇ ಸವರಿದಳು.