ಪದ್ದಮ್ಮಜ್ಜಿಯ ಮಡಿ

ಗಾಂಧಿ ಬಜಾರಿನ ಮೆಡಿಕಲ್ ಶಾಪಿನಲ್ಲಿ ನನ್ನ ಕೈಲಿದ್ದ ಮಾತ್ರೆ ನೋಡಿ, ಪಕ್ಕದ ಮನೆಯ ಪದ್ದಮ್ಮಜ್ಜಿ ಏನು ಕಾಯಿಲೆ ಎಂದು ಕೇಳಿದರು. ಸುಳ್ಳು ಹೇಳಿ ಹೇಳಿ ಸುಸ್ತಾಗಿತ್ತು. ಎಷ್ಟು ತೊಳೆದರೂ ಕೈ ಕೊಳೆ ಅನ್ನಿಸುವ ಕಾಯಿಲೆ, ಒಂದು ಮಾತ್ರೆ ನಿದ್ದೆ ಕೆಡಿಸಿತು, ಇನ್ನೊಂದಕ್ಕೆ ದಿನವಿಡೀ ಮಂಪರು, ಇದು ಮೂರನೆಯದು ಎಂದೆ.

ಅಜ್ಜಿಯ ಮಡಿ ನಮ್ಮ ಬೀದಿಗೇ ಹೆಸರುವಾಸಿ. ನಲ್ಲಿಯನ್ನೂ ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದೇ ನೀರು ಹಿಡಿಯುವವರು. ಸೆರಗಿನಡಿಯಿಂದ ಕೈ ತೆಗೆದು ನನ್ನ ಕೈ ಪಕ್ಕ ಇಟ್ಟರು. ಎರಡೂ ಒಂದೇ ಥರ ಬಿರಿದಿದ್ದವು.

“ಇದಕ್ಕೆ ಮಾತ್ರೆ ಇದ್ಯೇನೇ? ನಂಗೆ ಮಡಿ ಅಂತ ಎಲ್ರೂ ಕೈ ಮುಗಿದ್ರು ಕಣೇ.”

ಮೂರನೆಯ ಮಾತ್ರೆ ನನಗೆ ಒಗ್ಗಿದೆ. ಅಜ್ಜಿಯನ್ನು ಡಾಕ್ಟರಿಗೆ ತೋರಿಸೋಣ ಎಂದರೆ ಅವರ ಮನೆಯವರು ನಕ್ಕುಬಿಟ್ಟರು. ಬೆಳಗಾದರೆ ಅವರ ಬಚ್ಚಲಲ್ಲಿ ನೀರು ಸುರಿಯುತ್ತಲೇ ಇರುತ್ತದೆ. ಎಂಥ ಮಡಿ ಎಂದು ಬೀದಿಯವರು ಈಗಲೂ ಹೊಗಳುತ್ತಾರೆ.