ಕಾಲು ಇಂಚಿನಡಿ ಒಬ್ಬ ಮನುಷ್ಯ

ಇನ್ನೂ ಬೆಳಕು ಹರಿದಿಲ್ಲ. ಬೀದಿಯಲ್ಲಿ ಒಂದೂ ವಾಹನವಿಲ್ಲ. ಫ್ರೇಮಕ್ಕನಿಗೆ ಬೇಕಾದದ್ದು ಈ ಹೊತ್ತೇ. ವಾಹನಗಳು ಓಡಾಡತೊಡಗಿದರೆ ದೂಳೇಳುತ್ತದೆ. ಎದ್ದ ದೂಳು ಗಾಜಿಗೂ ಚಿತ್ರಕ್ಕೂ ನಡುವೆ ಹೋಗಿ ಕೂರುತ್ತದೆ. ಅಂಗಡಿಯ ಬಾಗಿಲನ್ನು ಅರ್ಧ ಮಾತ್ರ ಎತ್ತಿ, ಒಂದೇ ಬಲ್ಬಿನ ಕೆಳಗೆ, ಆಕೆ ಗಾಜನ್ನು ಹಳೆಯ ಪತ್ರಿಕೆಯಿಂದ ಉಜ್ಜುತ್ತಾರೆ. ಆಮೇಲೆ ಚಿತ್ರವನ್ನು ಬೆಳಕಿಗೆ ಓರೆಯಾಗಿ ಹಿಡಿಯುತ್ತಾರೆ. ಬಂಡೆ, ನೊರೆ, ಮೋಡ. ಮೈಮೇಲೆ ನೀರು ಎರಚೀತು ಎನ್ನುವಷ್ಟು ನಿಜವಾದ ಕಡಲು.

ಕೈ ತಟ್ಟನೆ ನಿಲ್ಲುತ್ತದೆ. ಬಲಗಡೆಯ ಅಂಚಿಗೆ ಭೂತಗನ್ನಡಿ ಹಿಡಿದು ನೋಡುತ್ತಾರೆ. "ಇದ್ದಾನೆ," ಎಂದು ತಮಗೆ ತಾವೇ ಹೇಳಿಕೊಂಡು ಕೆಲಸ ಮುಂದುವರಿಸುತ್ತಾರೆ.

ಇಪ್ಪತ್ತೆರಡು ವರ್ಷಗಳಿಂದ ಆಕೆ ಚಿತ್ರಗಳಿಗೆ ಕಟ್ಟು ಹಾಕುತ್ತಿದ್ದಾರೆ. ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರಿಗೂ ಫ್ರೇಮಕ್ಕ. ಗಂಡ ಹಿಂದಿನ ಕೋಣೆಯಲ್ಲಿ ಮರದ ಪಟ್ಟಿ ಕೊಯ್ಯುತ್ತಾರೆ. ದಿನಕ್ಕೆ ಹದಿನಾಲ್ಕು ಪಟ, ಅದರಲ್ಲಿ ಒಂಬತ್ತಾದರೂ ಕಡಲಿನವು. "ಸೋಫಾ ಮೇಲಿನ ಗೋಡೆ ಬೋಳಾಗಿರುತ್ತೆ ನೋಡಿ. ಏನು ಹಾಕೋಣ ಅಂತ ಗಂಡ ಹೆಂಡತಿ ಜಗಳ. ಕಡಲು ಅಂದ್ರೆ ಇಬ್ರೂ ಸುಮ್ಮನಾಗ್ತಾರೆ," ಎನ್ನುತ್ತಾರೆ ಫ್ರೇಮಕ್ಕ. ಗಾಜು ಕೊಯ್ದು ಕೊಯ್ದು ಎಡಗೈಯ ತೋರುಬೆರಳಿನ ತುದಿಗೆ ಸ್ಪರ್ಶವೇ ಉಳಿದಿಲ್ಲ. ಬಿಸಿ ಲೋಟವನ್ನು ಆ ಬೆರಳಿಂದಲೇ ಎತ್ತುತ್ತಾರೆ.

ಆದರೆ ಕಣ್ಣು ಚುರುಕು. ಒಂದು ಚುಕ್ಕೆ ಕಂಡರೂ ಬಿಡುವವರಲ್ಲ. "ಸೂಜಿಮೊನೆಯಷ್ಟು ಕಲೆ ಇದ್ರೂ ಹುಡುಕ್ತಾಳೆ. ನನ್ನ ಅಂಗಿ ಮೇಲಿಂದು ಮಾತ್ರ ಕಾಣಲ್ಲ," ಎಂದು ಗಂಡ ಒಳಗಿನಿಂದಲೇ ಕೂಗುತ್ತಾರೆ. "ಅಂಗಿ ಎಲ್ಲಿದೆ ಅಂತ ಗೊತ್ತಾದ್ರೆ ತಾನೇ ಕಲೆ ಹುಡುಕೋದು," ಎಂದು ಇವರ ಉತ್ತರ.

ಆ ಚುರುಕುಗಣ್ಣೇ ಅನಾಹುತ ಮಾಡಿತು.

ಅತಿ ಹೆಚ್ಚು ಮಾರಾಟವಾಗುವ ಒಂದು ಚಿತ್ರವಿದೆ. ಅದರ ಬಲ ಅಂಚಿನಲ್ಲಿ, ಕಡಲು ಆಕಾಶಕ್ಕೆ ತಾಗುವಲ್ಲಿ, ಜೀರಿಗೆ ಕಾಳಿನಷ್ಟು ಒಂದು ಕಪ್ಪು ಗುರುತು. ಅಚ್ಚಿನಲ್ಲಿ ಶಾಯಿ ಚೆಲ್ಲಿದೆ ಎಂದುಕೊಂಡರು ಫ್ರೇಮಕ್ಕ. ಚೌಕಟ್ಟಿನ ಒಳತುಟಿ ಹೇಗೂ ಚಿತ್ರದ ಕಾಲು ಇಂಚನ್ನು ಮುಚ್ಚುತ್ತದೆ. ಚಿತ್ರವನ್ನು ಒಂದಿಷ್ಟು ಬಲಕ್ಕೆ ಸರಿಸಿದರೆ ಕಲೆ ಮಾಯ. ಅಳತೆ ಹೆಚ್ಚಾಗಿದ್ದರೆ ಬ್ಲೇಡಿನಲ್ಲಿ ಸವರಿದರೂ ಆಯಿತು. ಆರು ವರ್ಷ ಹೀಗೆಯೇ ಮಾಡಿದರು. ಕೈಕೆಲಸ ಅಚ್ಚುಕಟ್ಟು ಎಂದು ಗಿರಾಕಿಗಳು ಹೊಗಳಿದರು.

ಹೋದ ವರ್ಷ ಒಬ್ಬ ಅಜ್ಜಿ ಅಂಗಡಿಗೆ ಬಂದರು. ಗೋಡೆಯ ಮೇಲಿದ್ದ ಆ ಚಿತ್ರದ ಮುಂದೆ ತುಂಬ ಹೊತ್ತು ನಿಂತರು. ಆಮೇಲೆ ಕೇಳಿದರು: "ಅಪ್ಪ ಎಲ್ಲಿದಾನಮ್ಮ?"

"ನಿಮ್ಮಪ್ಪ ಇಲ್ಲಿಗೆ ಬರಲಿಲ್ವಲ್ಲ ಅಜ್ಜಿ ಅಂತ ನಕ್ಕುಬಿಟ್ಟೆ," ಎನ್ನುವಾಗ ಫ್ರೇಮಕ್ಕನ ದನಿ ಕುಸಿಯುತ್ತದೆ. "ಆ ನಗು ಗಂಟಲಲ್ಲೇ ಸಿಕ್ಕಿಹಾಕ್ಕೊಳ್ಳಬಾರದಿತ್ತಾ."

ಅಜ್ಜಿ ಆ ಚಿತ್ರಕಾರನ ಅಕ್ಕ. ತಮ್ಮ ತೀರಿಕೊಂಡು ಬಹಳ ಕಾಲವಾಗಿದೆ. ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಮರದ ಪಟ್ಟಿ ಇತ್ತು. ಫ್ರೇಮಕ್ಕ ಮೊಳೆ ಕಿತ್ತು, ಚಿತ್ರ ಹೊರತೆಗೆದು, ಭೂತಗನ್ನಡಿ ಇಟ್ಟರು. ಕಲೆಯಲ್ಲ. ಒಂದು ದೋಣಿ. ದೋಣಿಯಲ್ಲಿ ನಿಂತ ಒಬ್ಬ ಮನುಷ್ಯ. ಒಂದು ಕೈ ಮೇಲೆತ್ತಿದ್ದಾನೆ.

"ತಮ್ಮಂಗೆ ಏಳು ವರ್ಷ, ನನಗೆ ಹತ್ತು," ಎಂದಿದ್ದರಂತೆ ಅಜ್ಜಿ. "ದಡದಲ್ಲಿ ನಿಂತಿದ್ವಿ. ಅಪ್ಪ ಕೈ ಬೀಸ್ತಿದಾನೆ ಅಂತ ನಾವೂ ಕೈ ಬೀಸಿದ್ವಿ. ಬೀಸ್ತಾನೇ ಇದ್ವಿ. ಅವನು ಕಾಪಾಡಿ ಅಂತ ಕರೀತಿದ್ದ."

ಫ್ರೇಮಕ್ಕ ಅಂದು ಅಂಗಡಿ ಮುಚ್ಚಿದರು. ಮೂರು ದಿನ ತೆರೆಯಲಿಲ್ಲ. "ಎಷ್ಟು ಸಲ ಮುಚ್ಚಿದೀನಿ, ಎಷ್ಟು ಸಲ ಕತ್ತರಿಸಿ ಕಸದ ಜೊತೆ ಗುಡಿಸಿ ಹಾಕಿದೀನಿ. ನನ್ನ ಕೈ ನನಗೇ ಬೇರೆಯವರದು ಅನ್ನಿಸ್ತಿತ್ತು."

ದೊಡ್ಡ ಪಟಗಳನ್ನು ಗಂಡನೇ ಮನೆಗೆ ತಲುಪಿಸುವುದರಿಂದ ವಿಳಾಸದ ಪುಸ್ತಕವೊಂದಿದೆ. ಅದರಲ್ಲಿ ಈ ಚಿತ್ರದ ಮನೆಗಳು ಇನ್ನೂರ ಹನ್ನೆರಡು. ಈಗ ವಾರಕ್ಕೆರಡು ದಿನ ಫ್ರೇಮಕ್ಕ ಇಕ್ಕಳ, ಮೊಳೆ, ಅಗಲದ ಚೌಕಟ್ಟು ಹೊತ್ತು ಆ ಮನೆಗಳಿಗೆ ಹೋಗುತ್ತಾರೆ. ಐವತ್ತೆಂಟು ಮುಗಿದಿವೆ. ಒಂಬತ್ತರಲ್ಲಿ ಮನುಷ್ಯ ಇರಲಿಲ್ಲ, ಬ್ಲೇಡಿಗೆ ಹೋಗಿದ್ದ. ಅಲ್ಲಿ ಅದೇ ಚಿತ್ರದ ಹೊಸ ಪ್ರತಿಯನ್ನೇ ಕೊಟ್ಟರು. ಇನ್ನೂರ ಹನ್ನೆರಡು ಗೋಡೆಗಳ ಮೇಲೂ ಅವನು ಕಾಣಬೇಕು. ಅವರಿಗೆ ಬೇಕಾದದ್ದು ಅಷ್ಟೇ.

ಇಂದಿನದು ಐವತ್ತೊಂಬತ್ತನೆಯ ಮನೆ, ಮೂರನೇ ಮಹಡಿ. ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ಪಟವನ್ನು ಬೋರಲು ಮಲಗಿಸುತ್ತಾರೆ. ಹಿಂದಿನ ಹಲಗೆ ಬಿಚ್ಚುತ್ತಾರೆ. ಚಿತ್ರ ತಿರುಗಿಸುತ್ತಾರೆ. ಅವನಿದ್ದಾನೆ. ಅಜ್ಜಿ ಹೇಳಿದ ಕತೆಯನ್ನು ಆಗಲೇ ಕೇಳಿದ್ದ ಮನೆಯಾಕೆ ಭೂತಗನ್ನಡಿಯಲ್ಲಿ ಬಗ್ಗಿ ನೋಡಿ, ಬಿಸಿ ಮುಟ್ಟಿದವರಂತೆ ಹಿಂದೆ ಸರಿಯುತ್ತಾರೆ.

"ಅಯ್ಯೋ, ಇಷ್ಟು ವರ್ಷ ಇವನ ಎದುರಿಗೇ ಕೂತು ಉಂಡಿದೀವಾ?"

"ಹೂಂ ಕಣಮ್ಮ."

"ಮಕ್ಕಳು ಊಟ ಮಾಡೋ ಜಾಗ. ಬೇಡ ಅಕ್ಕ, ಮೊದಲಿದ್ದ ಹಾಗೇ ಮುಚ್ಚಿಕೊಟ್ಬಿಡಿ. ನಿಮಗೇನು, ಎರಡು ನಿಮಿಷದ ಕೆಲಸ."

"ಎರಡು ನಿಮಿಷದ್ದೇ," ಎನ್ನುತ್ತಾರೆ ಫ್ರೇಮಕ್ಕ. "ಆದ್ರೆ ಮುಚ್ಚೋದು ಇನ್ನು ನನ್ನ ಕೈಲಾಗಲ್ಲ. ಬೇಡ ಅಂದ್ರೆ ನನಗೇ ಕೊಟ್ಬಿಡಿ. ಬದಲಿಗೆ ಬೇರೆ ಕಡಲು ಕೊಡ್ತೀನಿ. ಬರೀ ಅಲೆ, ಯಾರೂ ಇಲ್ಲ."

ಮನೆಯಾಕೆ ಮತ್ತೊಮ್ಮೆ ಬಗ್ಗಿ ನೋಡುತ್ತಾರೆ, ಈ ಸಲ ಹೆಚ್ಚು ಹೊತ್ತು. ಆಮೇಲೆ ತಲೆಯಾಡಿಸಿ, "ಬೇರೇದೇ ಕೊಡಿ," ಎನ್ನುತ್ತಾರೆ.

ಪಟವನ್ನು ಬಟ್ಟೆಯಲ್ಲಿ ಸುತ್ತಿ, ಎದೆಗೊರಗಿಸಿಕೊಂಡು, ಫ್ರೇಮಕ್ಕ ಮೆಟ್ಟಿಲಿಳಿಯುತ್ತಾರೆ. ಹೀಗೆ ಹಿಂದಿರುಗಿದ ಪಟಗಳಲ್ಲಿ ಇದು ಎಂಟನೆಯದು. ಉಳಿದ ಏಳೂ ಅವರ ಎರಡು ಕೋಣೆಯ ಮನೆಯಲ್ಲಿವೆ: ಒಲೆಯ ಪಕ್ಕ, ಮಂಚದ ಮೇಲೆ, ಮಗಳು ಓದುವ ಮೇಜಿನೆದುರು. ಎಲ್ಲದರಲ್ಲೂ ಬಲ ಅಂಚು ತೆರೆದಿದೆ. ಇನ್ನೂ ನೂರೈವತ್ತಕ್ಕೂ ಹೆಚ್ಚು ಮನೆಗಳಿವೆ. ಎಲ್ಲರೂ ಬೇಡವೆಂದರೆ?

ಹಾಗೆಂದು ಕೇಳಿದರೆ ಫ್ರೇಮಕ್ಕ ಮೆಟ್ಟಿಲ ಮೇಲೆ ನಿಂತು, ಪಟವನ್ನು ಇನ್ನೊಂದು ಕೈಗೆ ಬದಲಿಸಿಕೊಳ್ಳುತ್ತಾರೆ.

"ನಮ್ಮ ಮನೇಲಿ ಇನ್ನೂ ಎರಡು ಗೋಡೆ ಖಾಲಿ ಇವೆ," ಎನ್ನುತ್ತಾರೆ.