ಎಂಜಲಿಲ್ಲದ ಮನೆಗೆ ಬಂದ ನಾಯಿಮರಿ

ಆಗ ನನಗೆ ಅರವತ್ತೊಂದು. ಇಪ್ಪತ್ತು ವರ್ಷದ ಮೇಲಾಯಿತು. ಸುದ್ದಗುಂಟೆಪಾಳ್ಯದಲ್ಲಿ ನಮ್ಮದು ಮುಂದೆ ಅಂಗಡಿ, ಹಿಂದೆ ಮನೆ. ಅಕ್ಕಿ, ಬೇಳೆ, ಎಣ್ಣೆ, ಸೋಪು ಮಾರುವ ಅಂಗಡಿ. ನಾಲ್ಕು ಹೆಣ್ಣುಮಕ್ಕಳೂ ಮದುವೆಯಾಗಿ ಅವರವರ ಮನೆಯಲ್ಲಿದ್ದರು. ಇಲ್ಲಿ ನಾನು, ನಮ್ಮ ಯಜಮಾನರು, ಅಂಗಡಿಗೆ ಬರುವ ಜನ.

ಆ ವರ್ಷ ಎರಡು ಸಲ ಹಿಂದಿನ ಚಾವಣಿ ಶೀಟು ಎತ್ತಿ ಕಳ್ಳರು ಬಂದರು. ಮೊದಲನೇ ಸಲ ಎಣ್ಣೆ ಡಬ್ಬ ಹೋಯಿತು. ಎರಡನೇ ಸಲ ತಕ್ಕಡಿ ಹೋಯಿತು. ತಕ್ಕಡಿ ತೆಗೆದುಕೊಂಡು ಹೋಗಿ ಏನು ತೂಗಿದರೋ ನನಗೆ ಗೊತ್ತಿಲ್ಲ. ಅಲ್ಲಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಬೆಕ್ಕು ಹಾರಿದರೆ ಏಳುತ್ತಿದ್ದೆ. ತೆಂಗಿನ ಗರಿ ಬಿದ್ದರೆ ಏಳುತ್ತಿದ್ದೆ. ಯಜಮಾನರಿಗೆ ಮಲಗಿದರೆ ಕಿವಿ ಕೇಳುತ್ತಿರಲಿಲ್ಲ. ಅವರು ಹಾಯಾಗಿ ಮಲಗಿರುತ್ತಿದ್ದರು. ಒಂದು ದಿನ ಹೇಳಿದೆ, ನಾಯಿ ಸಾಕೋಣ ಎಂದು.

"ನಾಯಿಗೆ ಏನ್ ಹಾಕ್ತೀಯ?" ಅಂದರು.

"ನಾವು ತಿನ್ನೋದೇ."

"ನಾವು ತಿನ್ನೋದ್ರಲ್ಲಿ ಏನ್ ಮಿಗುತ್ತೆ ಹೇಳು, ನೋಡೋಣ."

ಅವರು ಕೇಳಿದ್ದು ಸರಿಯಾಗಿಯೇ ಇತ್ತು. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಪೂಜೆ ಆಗದೆ ತುತ್ತು ಎತ್ತುವುದಿಲ್ಲ. ತಟ್ಟೆಗೆ ಬಂದಿದ್ದು ಪ್ರಸಾದ, ಅದರಲ್ಲಿ ಒಂದು ಅಗುಳು ಬಿಡುವ ಹಾಗಿಲ್ಲ. ತಿಂದಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಲ್ಲಿ ತೊಳೆದು, ಆ ನೀರನ್ನೂ ಕುಡಿಯಬೇಕು. ನಮ್ಮ ಅತ್ತೆ ಹಾಗೆ ಮಾಡಿದರು, ನಾನೂ ಮಾಡಿದೆ, ನನ್ನ ಮಕ್ಕಳ ತಲೆಗೆ ಮೊಟಕಿ ಅವರಿಂದಲೂ ಮಾಡಿಸಿದೆ. ಬೇರೆಯವರ ಮನೆಯಲ್ಲಿ ಊಟ ಮುಗಿದರೆ ನಾಯಿಗೆ ಕೂಳು ಹುಟ್ಟುತ್ತದೆ. ನಮ್ಮ ಮನೆಯಲ್ಲಿ ಒಂದು ಕಾಗೆಗೂ ಹುಟ್ಟುತ್ತಿರಲಿಲ್ಲ.

"ಅದಕ್ಕೇ ಬೇರೆ ಬೇಯಿಸ್ತೀನಿ" ಅಂದೆ.

"ಬೇಯಿಸು. ಅದಕ್ಕೂ ಲಿಂಗ ಕಟ್ಟು" ಅಂದರು.

ಅಂಗಡಿಗೆ ಒಬ್ಬ ಹುಡುಗಿ ಬರುತ್ತಿದ್ದಳು. ಹುಬ್ಬಳ್ಳಿ ಕಡೆಯವಳು, ಯಾವುದೋ ಆಫೀಸಿನಲ್ಲಿ ಕೆಲಸ, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ಮನೆ. ಒಬ್ಬಳೇ ಇರುವವಳು ವಾರ ವಾರ ಐದು ಕೆಜಿ ನುಚ್ಚಕ್ಕಿ ಒಯ್ಯುತ್ತಾಳಲ್ಲ ಎಂದು ಕೇಳಿದ್ದಕ್ಕೆ ನಾಯಿಮರಿಗಳಿಗೆ ಅಂದಿದ್ದಳು. ಮೋರಿಯಲ್ಲಿ, ಮಾರ್ಕೆಟ್ಟಿನಲ್ಲಿ ಬಿದ್ದ ಮರಿಗಳನ್ನು ಯಾರೋ ಎತ್ತಿ ತಂದು ಇವಳಿಗೆ ಕೊಡುತ್ತಾರೆ. ಸಾಕುವವರು ಸಿಗುವ ತನಕ ಇವಳು ಇಟ್ಟುಕೊಳ್ಳುತ್ತಾಳೆ. ಅದಕ್ಕೆ ಫಾಸ್ಟರ್ ಹೋಮ್ ಅಂತಾರಂತೆ. ಸಂಬಳ ಇಲ್ಲ, ಏನಿಲ್ಲ. ನನಗೆ ಅವಳು ಅರೆಹುಚ್ಚಿ ಅನ್ನಿಸಿತ್ತು. ಆದರೂ ಅವಳ ಮನೆಗೇ ಹೋದೆ.

ಮಹಡಿ ಮೇಲೆ ಒಂದು ರೂಮು. ನೆಲದ ತುಂಬ ಹಳೇ ಪೇಪರು. ಮೂಗು ಹಿಡಿದುಕೊಂಡು ಒಳಗೆ ಹೋದೆ. ಮೂಲೆಯಲ್ಲಿ ದೊಡ್ಡ ತಟ್ಟೆ, ಅದರ ಸುತ್ತ ಐದಾರು ಮರಿ, ಒಂದರ ಮೇಲೊಂದು ಬಿದ್ದು ತಿನ್ನುತ್ತಿದ್ದವು. ಅವಳು ನನ್ನನ್ನು ಕೂರಿಸಿ ಪ್ರಶ್ನೆ ಹಾಕತೊಡಗಿದಳು. ಮನೆಯಲ್ಲಿ ಯಾರಿರುತ್ತಾರೆ, ಊರಿಗೆ ಹೋದರೆ ಯಾರು ನೋಡುತ್ತಾರೆ, ಸರಪಳಿಯಲ್ಲಿ ಕಟ್ಟಿ ಹಾಕುತ್ತೀರಾ. ಹೆಣ್ಣು ಕೇಳಲು ಹೋದವರನ್ನೂ ಇಷ್ಟು ಕೇಳುವುದಿಲ್ಲ.

"ಮೊಟ್ಟಿ ಹಾಕ್ತೀರೇನ್ರಿ ಆಂಟಿ?"

"ನಮ್ಮ ಹೊಸಲು ಮೊಟ್ಟೆ ದಾಟಲ್ಲಮ್ಮ."

"ನಮ್ಮ ಮನ್ಯಾಗೂ ದಾಟಂಗಿಲ್ರಿ. ನಾವೂ ಲಿಂಗವಂತರ. ಇಲ್ಲಿ ಅವ್ವ ಇಲ್ಲಲ್ರಿ, ಅದಕ್ಕ ದಾಟೇತಿ" ಅಂದು ನಕ್ಕಳು. "ಇರ್ಲಿ ಬಿಡ್ರಿ, ಹಾಲು ಅನ್ನ ಹಾಕ್ರಿ. ಯಾವ್ದು ಬೇಕು?"

"ಜೋರಾಗಿ ಬೊಗಳೋದು."

ಎಲ್ಲಕ್ಕಿಂತ ಜೋರಾಗಿ ಕಿರುಚುತ್ತಿದ್ದ ಒಂದನ್ನು ತೋರಿಸಿದೆ. ಕಂದು ಬಣ್ಣ, ಒಂದು ಕಿವಿ ನಿಂತಿತ್ತು, ಒಂದು ಬಿದ್ದಿತ್ತು. ಅಂಗೈಯಷ್ಟಿತ್ತು, ಗಂಟಲು ಮಾತ್ರ ಊರಗಲ.

ಅವಳ ನಗು ನಿಂತಿತು. "ಅದು ಬ್ಯಾಡ್ರಿ ಆಂಟಿ. ಎರಡು ಮನಿಗೆ ಕೊಟ್ಟೆ, ಎರಡೂ ಮನ್ಯಾಗಿಂದ ವಾಪಸ್ ಬಂತು. ಹೊಸಾ ಮನ್ಯಾಗ ಉಣ್ಣಂಗಿಲ್ರಿ. ಇಲ್ಲಿ ನೋಡ್ರಿ, ಎಲ್ಲಾ ಕೂಡಿ ಒಂದ ತಾಟಿನ್ಯಾಗ ಹೆಂಗ ಉಣ್ತಾವು."

"ಹಸಿವಾದ್ರೆ ತಿನ್ನುತ್ತೆ ಬಿಡು. ನಾಲ್ಕು ಮಕ್ಕಳು ಹೆತ್ತಿದ್ದೀನಿ, ಯಾವುದೂ ಉಪವಾಸ ಸತ್ತಿಲ್ಲ."

ಮನಸ್ಸಿಲ್ಲದ ಮನಸ್ಸಿನಿಂದ ಕೊಟ್ಟಳು. ಜೊತೆಗೆ ಅಡಿಯಲ್ಲಿ ರಬ್ಬರ್ ಇದ್ದ ಒಂದು ಸ್ಟೀಲ್ ಬಟ್ಟಲು. "ಮರಿ ನಿಮ್ಮಲ್ಲೇ ಉಳೀತು ಅಂದ್ರ ಬಟ್ಟಲ ವಾಪಸ್ ಕೊಡ್ರಿ, ಇನ್ನೊಂದಕ್ಕ ಬೇಕಾಗತೇತಿ. ಉಳೀಲಿಲ್ಲಂದ್ರ ಎರಡೂ ನಾನ ಬಂದು ಒಯ್ತೇನಿ" ಅಂದಳು.

ಅವಳು ಅದಕ್ಕೆ ಒಂದು ಇಂಗ್ಲಿಷ್ ಹೆಸರು ಇಟ್ಟಿದ್ದಳು. ನನ್ನ ನಾಲಿಗೆ ಹೊರಳಲಿಲ್ಲ. ಕೈಚೀಲದಲ್ಲಿ ಕೂರಿಸಿಕೊಂಡು ನಡೆದು ಬಂದೆ. ದಾರಿಯುದ್ದಕ್ಕೂ ಕಿರುಚಿತು. ಜನ ತಿರುಗಿ ನೋಡಿದರು. ನಾನು ಕದ್ದು ತರುತ್ತಿದ್ದೇನೆ ಅಂದುಕೊಂಡಿರಬೇಕು.

ಸಂಜೆ ಹಾಲು ಅನ್ನ ಕಲಸಿ ಆ ಬಟ್ಟಲಿಗೆ ಹಾಕಿದೆ. ಮೂಸಿತು, ಹಿಂದೆ ಸರಿಯಿತು. ರಾತ್ರಿಯೆಲ್ಲ ಕುಂಯ್ ಅಂತಲೇ ಇತ್ತು. ಬೆಳಿಗ್ಗೆ ಆ ಅನ್ನ ತೆಗೆದು ಮುದ್ದೆ ಹಿಸುಕಿ ಮೊಸರು ಹಾಕಿದೆ. ಮುಟ್ಟಲಿಲ್ಲ. ಅಂಗಡಿಯಿಂದ ಬಿಸ್ಕತ್ತು ತಂದು ಹಾಲಿನಲ್ಲಿ ನೆನೆಸಿ ಇಟ್ಟೆ. ಬಟ್ಟಲನ್ನು ಒಂದು ಸುತ್ತು ಹಾಕಿ ಬಾಗಿಲಿಗೆ ಹೋಗಿ ಕೆರೆಯಿತು. ಬಾಗಿಲಿಂದ ಒಲೆ ಹತ್ತಿರ, ಒಲೆ ಹತ್ತಿರದಿಂದ ಬಾಗಿಲಿಗೆ. ಅದರ ಹಿಂದೆ ನಾನು. ಒಳಗೆ ಹೋದರೆ ಅಂಗಡಿಯ ಚಿಂತೆ, ಅಂಗಡಿಗೆ ಬಂದರೆ ಒಳಗಿನ ಚಿಂತೆ. ಸಕ್ಕರೆ ಕೇಳಿದವರಿಗೆ ರವೆ ಕಟ್ಟಿ ಕೊಟ್ಟೆ. ಅವರು ಬೀದಿಯ ತುದಿಯಿಂದ ವಾಪಸ್ ಬಂದರು.

"ನಾಯಿ ಬಂದಿದ್ದು ಕಳ್ಳರನ್ನ ಓಡಿಸೋಕೆ. ಈಗ ಗಿರಾಕಿಗಳನ್ನ ಓಡಿಸ್ತಾ ಇದೆ" ಅಂದರು ಯಜಮಾನರು.

ಎದುರುಮನೆ ಆಟೋ ಓಡಿಸುವವನು ಬೀಡಿಗೆ ಬಂದಿದ್ದ. ಎಲ್ಲಾ ಕೇಳಿಸಿಕೊಂಡು, "ಒಂದು ಕೋಳಿ ಕಾಲು ಹಾಕಿ ಆಂಟಿ. ಹೆಂಗ್ ತಿನ್ನಲ್ಲ ನಾನೂ ನೋಡ್ತೀನಿ" ಅಂದ.

"ಕೋಳಿ ಕಾಲು ಒಳಗೆ ಬಂದ್ರೆ ನನ್ನ ಕಾಲು ಹೊರಗೆ" ಅಂದರು ಯಜಮಾನರು, ಹೊಸ ತಕ್ಕಡಿಯಿಂದ ಕಣ್ಣು ತೆಗೆಯದೆ.

"ನೋಡಿ ಆಂಟಿ, ಯಾವ ಕಾಲು ಬೇಕೋ ನೀವೇ ಹೇಳಿ" ಅಂದು ಅವನು ಬೀಡಿ ಹಚ್ಚಿಕೊಂಡು ಹೋದ. ಎಲ್ಲರಿಗೂ ತಮಾಷೆ.

ಮಧ್ಯಾಹ್ನ ಅಂಗಡಿ ಮುಂದಿನ ಕಾಯಿನ್ ಬೂತಿಗೆ ಆ ಹುಡುಗಿಯ ಫೋನ್ ಬಂತು.

"ಉಂಡತೇನ್ರಿ ಆಂಟಿ?"

ತಿಂತು ಅನ್ನಬಹುದಿತ್ತು. ಬಾಯಿಗೆ ಬರಲಿಲ್ಲ. "ಇಲ್ಲ" ಅಂದೆ.

"ನಾಳೆ ಮುಂಜಾನೆ ಬಂದು ಒಯ್ತೇನ್ರಿ. ಸಣ್ಣ ಜೀವ, ಇನ್ನೂ ಒಂದಿನ ಬಿಟ್ರ ಉಳಿಯಂಗಿಲ್ಲ. ಬ್ಯಾರೆ ಮರಿನೂ ಕೊಡಂಗಿಲ್ರಿ ನಿಮಗ. ಬ್ಯಾಸರ ಮಾಡ್ಕೋಬ್ಯಾಡ್ರಿ. ಇವತ್ತ ಸಂಜಿಕ ಉಂಡ್ರ ಮಾತ್ರ..."

ಲೈನ್ ಕಟ್ಟಾಗಿ ಫೋನ್ ಕೊಂಯ್ ಅಂತು. ರಿಸೀವರ್ ಇಟ್ಟೆ. ಯಜಮಾನರು ನನ್ನ ಮುಖ ನೋಡಿದರು. ಆಮೇಲೆ, "ಇದು ಹೋದ್ಮೇಲೆ ಮತ್ತೆ ನಾಯಿ ಮಾತು ಎತ್ತಬೇಡ" ಅಂದರು.

ಹೊತ್ತು ಇಳಿಯುತ್ತಾ ಬಂದ ಹಾಗೆ ಅದು ಕಿರುಚುವುದನ್ನು ನಿಲ್ಲಿಸಿತು. ಕಿರುಚುವಾಗ ತಲೆ ಚಿಟ್ಟು ಹಿಡಿದಿತ್ತು. ನಿಲ್ಲಿಸಿದ ಮೇಲೆ ಇನ್ನೂ ಕಷ್ಟವಾಯಿತು. ಅಕ್ಕಿ ಮೂಟೆ ಇಡುವ ಹಲಗೆಯ ಕೆಳಗೆ ಹೋಗಿ ಮಲಗಿತ್ತು. ಎಳೆದೆ. ಬಟ್ಟೆಯ ಹಾಗೆ ಬಂತು. ಮೂಗು ಒಣಗಿತ್ತು. ಸಕ್ಕರೆ ನೀರಿನಲ್ಲಿ ಬೆರಳು ಅದ್ದಿ ಬಾಯಿಗೆ ಇಟ್ಟೆ. ನೆಕ್ಕಿತು, ಮುಖ ತಿರುಗಿಸಿತು.

"ತಿಂದು ಸಾಯಿ ಮುಂಡೇದೆ" ಅಂತ ಬೈದೆ. ಬೈದು ಹೊರಗೆ ಬಂದೆ, ಮತ್ತೆ ಒಳಗೆ ಹೋದೆ. ಗುಡಿಸಿದ್ದ ನೆಲವನ್ನೇ ಗುಡಿಸಿದೆ. ನನಗೆ ಕಳ್ಳರ ನೆನಪೇ ಇರಲಿಲ್ಲ.

ಆ ಸಂಜೆ ಬೇಗ ಶಟರ್ ಎಳೆದೆವು. ಇಬ್ಬರದೂ ಪೂಜೆ ಆಯಿತು. ಮಧ್ಯಾಹ್ನ ನಾನು ಉಂಡಿರಲಿಲ್ಲ ಅಂತ ಆಗ ನೆನಪಾಯಿತು. ಯಜಮಾನರಿಗೆ ಬಡಿಸಿ, ನನಗೂ ಬಡಿಸಿಕೊಂಡು ನೆಲದಲ್ಲಿ ಕೂತೆ. ಸಾರು ಹಾಕಿಕೊಳ್ಳುವುದಕ್ಕೂ ಬೇಸರ, ಅನ್ನಕ್ಕೆ ಮೊಸರು ಕಲಸಿಕೊಂಡೆ. ಎರಡು ತುತ್ತು ಬಾಯಿಗೆ ಹೋಗಿತ್ತೋ ಇಲ್ಲವೋ. ಹಲಗೆಯ ಕೆಳಗಿಂದ ಮೂತಿ ಈಚೆ ಬಂತು. ಆಮೇಲೆ ಒಂದು ಕಾಲು. ತೂರಾಡಿಕೊಂಡು ಬಂದು ನನ್ನ ತಟ್ಟೆಗೇ ಬಾಯಿ ಹಾಕಿತು.

"ತಟ್ಟೆ ಎತ್ತೇ! ಏ, ತಟ್ಟೆ ಎತ್ತು!" ಯಜಮಾನರು ಕೂಗಿದರು.

ಕೈ ತಟ್ಟೆಯ ಅಂಚಿಗೆ ಹೋಗಿತ್ತು. ಎತ್ತಲಿಲ್ಲ. ಅಷ್ಟರಲ್ಲಿ ಅದು ನಾಲಿಗೆ ಹಾಕಿ ಒಂದಷ್ಟು ಅನ್ನ ಎಳೆದುಕೊಂಡಿತ್ತು. ನಾನು ಹಾಗೇ ನೋಡುತ್ತಾ ಕೂತೆ. ಅದೂ ನಿಲ್ಲಿಸಿ ನನ್ನನ್ನು ನೋಡಿತು. ಮುಂದಕ್ಕೆ ತಿನ್ನಲಿಲ್ಲ, ಹಿಂದಕ್ಕೆ ಹೆಜ್ಜೆ ಇಟ್ಟಿತು.

ಆಗ ಆ ಹುಡುಗಿ ಮನೆಯ ದೊಡ್ಡ ತಟ್ಟೆ ಕಣ್ಣಿಗೆ ಬಂತು. ಎಲ್ಲಾ ಕೂಡಿ ಒಂದೇ ತಾಟಿನಲ್ಲಿ ಅಂದಿದ್ದಳಲ್ಲ. ಬಾಯಿ ಬಿಟ್ಟು ಹೇಳಿದ್ದಳು. ನಾನೇ ಹೆತ್ತ ಲೆಕ್ಕ ಹೇಳಿ ಅವಳ ಬಾಯಿ ಮುಚ್ಚಿಸಿದ್ದೆ.

ಕೊರಳಲ್ಲಿ ಲಿಂಗ ಇತ್ತು. ಹಣೆಯಲ್ಲಿ ಆಗತಾನೆ ಇಟ್ಟ ವಿಭೂತಿ ಇತ್ತು. ನಾನು ತಟ್ಟೆಯ ಈ ಕಡೆಯಿಂದ ಒಂದು ತುತ್ತು ಎತ್ತಿ ಬಾಯಿಗೆ ಹಾಕಿಕೊಂಡೆ. ಅದು ಆ ಕಡೆಯಿಂದ ತಿಂತು. ನಾನು ನಿಲ್ಲಿಸಿದರೆ ಅದೂ ನಿಲ್ಲಿಸುತ್ತಿತ್ತು. ಅದಕ್ಕೆ ನಾನು ನಿಲ್ಲಿಸಲಿಲ್ಲ.

"ಶಿವ ಶಿವಾ" ಅಂದರು ಯಜಮಾನರು. ತಮ್ಮ ತಟ್ಟೆ ಎತ್ತಿಕೊಂಡು ನಮಗೆ ಬೆನ್ನು ಹಾಕಿ ಗೋಡೆ ಕಡೆ ತಿರುಗಿ ಕೂತರು. ನಮ್ಮ ಮದುವೆಯಾದ ಮೇಲೆ ಊಟಕ್ಕೆ ಕೂತು ಅವರ ಬೆನ್ನು ನೋಡಿದ್ದು ಅದೇ ಮೊದಲು.

ಇನ್ನಷ್ಟು ಅನ್ನ ಹಾಕಿಕೊಂಡೆ. ಅದಕ್ಕೆ ಹೊಟ್ಟೆ ತುಂಬುವ ತನಕ ನಾನೂ ತಿನ್ನಬೇಕಾಯಿತು. ನನಗೆ ಹೊಟ್ಟೆ ಬಿರಿಯುತ್ತಿತ್ತು. ಕೊನೆಯ ಅಗುಳನ್ನು ಅದು ಹುಡುಕಿ ಹುಡುಕಿ ನೆಕ್ಕಿತು.

ಗೋಡೆ ಕಡೆಯಿಂದ ದನಿ ಬಂತು. "ಆಯ್ತಾ ಇಬ್ಬರದೂ? ಈಗ ತಟ್ಟೆ ತೊಳೆದ ನೀರು ಏನ್ ಮಾಡ್ತೀಯ? ಕುಡೀತೀಯಾ, ಮೋರಿಗೆ ಚೆಲ್ತೀಯಾ?"

ಅದನ್ನು ನಾನು ಯೋಚಿಸಿರಲಿಲ್ಲ. ಚೆಲ್ಲುವ ಹಾಗಿಲ್ಲ. ಕುಡಿಯೋಣ ಅಂದರೆ ನಾನು ಗಟ್ಟಿ ಹೆಂಗಸಾದರೂ ಗಂಟಲು ಒಪ್ಪಬೇಕಲ್ಲ. ರೂಢಿಯ ಪ್ರಕಾರ ಲೋಟದಿಂದ ನೀರು ಹಾಕಿದೆ, ಬೆರಳಲ್ಲಿ ಸುತ್ತ ತೊಳೆದೆ. ಎತ್ತಲೋ ಬೇಡವೋ ಅನ್ನುವಷ್ಟರಲ್ಲಿ ಮರಿ ಮೂತಿ ಇಟ್ಟು ಲೊಚ ಲೊಚ ಕುಡಿದುಬಿಟ್ಟಿತು. ತಳದ ತನಕ.

"ಕುಡಿದಾಯ್ತು" ಅಂದೆ.

ಯಜಮಾನರು ತಿರುಗಿ ನೋಡಿದರು. ಮರಿಯನ್ನಲ್ಲ, ತಟ್ಟೆಯನ್ನು. ಬಗ್ಗಿ ನೋಡಿದರು. ಒಂದು ಅಗುಳಿರಲಿಲ್ಲ, ಒಂದು ಹನಿಯಿರಲಿಲ್ಲ. ಬೈಯಲು ಏನೂ ಸಿಗಲಿಲ್ಲ ಅಂತ ಕಾಣುತ್ತದೆ.

"ನಾಳೆಯಿಂದ ಆ ತಟ್ಟೆ ಬೇರೆ ಇಡು. ನನ್ನ ತಟ್ಟೆ ಜೊತೆ ಜೋಡಿಸಬೇಡ" ಅಂದು ಕೈ ತೊಳೆಯಲು ಹೋದರು.

ನಾಳೆಯಿಂದ ಅಂದರು. ಅವರ ಬಾಯಲ್ಲೇ ಬಂತು. ನಾನು ಕೇಳಿಸಿಕೊಂಡೆ.

ಆದರೂ ನೆಮ್ಮದಿಯಾಗಲಿಲ್ಲ. ತಿಂದಿದ್ದನ್ನು ಕಕ್ಕಿದರೆ? ಆ ಹುಡುಗಿ ಬಂದು, ಒಂದು ಹೊತ್ತು ಉಂಡರೆ ಸಾಲದು ಎಂದು ಎತ್ತಿಕೊಂಡು ಹೋದರೆ? ಮರಿ ನನ್ನ ಸೀರೆಯ ಸೆರಗಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿತ್ತು. ನಾನು ಮಾತ್ರ ಆ ಕಡೆ ಈ ಕಡೆ ಹೊರಳುತ್ತಿದ್ದೆ.

ಮಾರನೇ ದಿನ ಬೆಳಿಗ್ಗೆ ಅವಳು ಬರುವ ತನಕ ಕಾಯಲು ನನ್ನಿಂದ ಆಗಲಿಲ್ಲ. ಸ್ನಾನ, ಪೂಜೆ ಮುಗಿಸಿ, ಎರಡು ಇಡ್ಲಿ ತಟ್ಟೆಗೆ ಹಾಕಿಕೊಂಡು ಕೂತೆ. ಒಂದನ್ನು ನಾನು ತಿಂದೆ, ಒಂದನ್ನು ಅದು ತಿಂತು. ಯಜಮಾನರು ಆಗಲೇ ಗೋಡೆ ಕಡೆ ತಿರುಗಿ ಕೂತಿದ್ದರು. ಆ ಸ್ಟೀಲ್ ಬಟ್ಟಲನ್ನು ತಿಕ್ಕಿ ತೊಳೆದು, ಒರೆಸಿ, ಕೈಚೀಲಕ್ಕೆ ಹಾಕಿಕೊಂಡು ಬಿಟಿಎಂ ಕಡೆ ನಡೆದೆ. ಓಡಿದೆ ಅಂದರೂ ಸರಿ.

ಬಾಗಿಲು ತೆಗೆದವಳು ಹೊರಡಲು ರೆಡಿಯಾಗಿದ್ದಳು. ಭುಜದ ಮೇಲೆ ಒಂದು ಟವೆಲ್, ಮರಿಯನ್ನು ಸುತ್ತಿ ತರಲಿಕ್ಕೆ. ನನ್ನನ್ನು ನೋಡಿದಳು, ಚೀಲ ನೋಡಿದಳು. ಮುಖ ಸಣ್ಣದಾಯಿತು.

"ನೀವ ತಂದ್ಬಿಟ್ರೇನ್ರಿ ಆಂಟಿ..." ಅಂದು ಎರಡೂ ಕೈ ಚಾಚಿದಳು.

ಚೀಲಕ್ಕೆ ಕೈ ಹಾಕಿ ಬಟ್ಟಲು ತೆಗೆದು ಆ ಕೈಗಳಲ್ಲಿ ಇಟ್ಟೆ. ಚೀಲ ಬೋರಲು ಮಾಡಿ ಒದರಿ ತೋರಿಸಿದೆ.

"ಅಂಗಡಿ ತೆಗೀಬೇಕು, ಬರ್ತೀನಿ" ಅಂದು ಮೆಟ್ಟಿಲು ಇಳಿದೆ.